ಎ.ಎ. ಆದಿಕಾಲದ ಅನಾಮಧೇಯ ಸದಸ್ಯರನ್ನು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ. ಅದರ ಮೊದಲ ಕೆಲವು ವರ್ಷಗಳ ಸದಸ್ಯರಲ್ಲಿ ಹೆಚ್ಚಿನವರು ನಮಗೆ ಒಂದು ಹೆಸರು, ಒಂದು ಅಕ್ಷರವಾಗಿ ಮಾತ್ರ ಗೊತ್ತು. ಅವರು ಯಾರು, ಎಲ್ಲಿಯವರು, ಆಮೇಲೆ ಏನಾದರು ಎಂದು ಹುಡುಕುವವರಿಗೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

"ಆದಿಕಾಲದ ಸದಸ್ಯರು" ಅಂದರೆ ಯಾವ ವರ್ಷದವರೆಗೆ?

ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಆಕ್ರನ್ನಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಮೊದಲ ಸಲ ಭೇಟಿಯಾಗಿದ್ದು 1935ರ ಮೇ 12ರಂದು. ಅಲ್ಲಿಂದ ಲೆಕ್ಕ ಶುರು. 1939ರ ಏಪ್ರಿಲ್‌ನಲ್ಲಿ ಎಲ್ಲರೂ ಬಿಗ್ ಬುಕ್ ಎನ್ನುವ, ಎ.ಎ.ಯ ಮೂಲ ಪುಸ್ತಕ ಹೊರಬಂತು. 1941ರ ಮಾರ್ಚ್ 1ರ ಸಂಚಿಕೆಯಲ್ಲಿ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆ ದೊಡ್ಡ ಲೇಖನ ಹಾಕಿದ ಮೇಲೆ, ಸುಮಾರು 2,000 ಇದ್ದ ಸದಸ್ಯರು ಆ ವರ್ಷ ಮುಗಿಯುವ ಹೊತ್ತಿಗೆ ಸುಮಾರು 8,000 ಆದರು. ಅಷ್ಟು ಜನರನ್ನು ಒಬ್ಬೊಬ್ಬರಾಗಿ ಹಿಂಬಾಲಿಸುವುದು ಆಗದ ಮಾತು. ಹಾಗಾಗಿ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು 1939ರ ಏಪ್ರಿಲ್‌ವರೆಗಿನ ಗುಂಪನ್ನೇ ಹಿಡಿದುಕೊಳ್ಳುವುದು ಒಳ್ಳೆಯದು.

ಹೆಸರು ಮುಚ್ಚಿಡುವುದು ಮೊದಲಿನಿಂದಲೂ ಇತ್ತೇ?

ಇರಲಿಲ್ಲ. ಇದನ್ನು ತಿಳಿದುಕೊಂಡರೆ ಹುಡುಕಾಟದ ಅರ್ಧ ದಾರಿ ಸುಗಮವಾಗುತ್ತದೆ.

1840ರ ಏಪ್ರಿಲ್‌ನಲ್ಲಿ ಬಾಲ್ಟಿಮೋರಿನ ಒಂದು ಹೆಂಡದಂಗಡಿಯಲ್ಲಿ ಆರು ಜನ ಕುಡುಕರು ಸೇರಿ ವಾಷಿಂಗ್ಟೋನಿಯನ್ ಚಳವಳಿ ಶುರು ಮಾಡಿದಾಗ ತಮ್ಮ ಹೆಸರು, ಕಸುಬು ಎಲ್ಲವನ್ನೂ ಬಹಿರಂಗವಾಗಿಯೇ ಹೇಳಿಕೊಂಡರು. ಎ.ಎ.ಗೆ ತೊಟ್ಟಿಲಾದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲೂ ಹೆಸರು ಹೇಳಿ ಸಾಕ್ಷಿ ನುಡಿಯುವುದೇ ರೂಢಿ. ಗುಟ್ಟು ಬೇಕಾಗಿದ್ದು ಆಮೇಲೆ. ಕುಡುಕ ಎಂಬ ಹಣೆಪಟ್ಟಿ ಬಿದ್ದರೆ ಕೆಲಸ ಹೋಗುತ್ತಿತ್ತು. ಪುಸ್ತಕ ಓದಿ ಸಾವಿರಾರು ಜನ ಮನೆ ಬಾಗಿಲಿಗೆ ಬಂದರೆ ಬೆರಳೆಣಿಕೆಯ ಸದಸ್ಯರಿಗೆ ಸುಧಾರಿಸಲು ಆಗುತ್ತಿರಲಿಲ್ಲ. ಹೆಸರು ಮಾಡಿದವನೊಬ್ಬ ಮತ್ತೆ ಕುಡಿದರೆ ಇಡೀ ಕೂಟದ ಮಾನ ಹೋಗುತ್ತಿತ್ತು. 1940ರಲ್ಲಿ ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ತಂಡದ ಆಟಗಾರ ರಾಲಿ ಹೆಮ್ಸ್‌ಲಿ ತಾನು ಎ.ಎ. ಸದಸ್ಯನೆಂದು ಪತ್ರಿಕೆಗಳಲ್ಲಿ ಹೇಳಿಕೊಂಡಾಗ ದೇಶವೆಲ್ಲ ಸುದ್ದಿಯಾಯಿತು. ನಿಯಮವಾಗಿ ಅನಾಮಧೇಯತೆ ಬರಹಕ್ಕೆ ಇಳಿದದ್ದು 1946ರಲ್ಲಿ, ಎ.ಎ. ಗುಂಪುಗಳು ಹೇಗೆ ನಡೆಯಬೇಕೆಂದು ಹೇಳುವ ಹನ್ನೆರಡು ಸಂಪ್ರದಾಯಗಳ ಭಾಗವಾಗಿ. 1950ರ ಜುಲೈನ ಕ್ಲೀವ್‌ಲ್ಯಾಂಡ್ ಸಮಾವೇಶ ಅದನ್ನು ಒಪ್ಪಿತು.

ಹನ್ನೊಂದನೆಯ ಸಂಪ್ರದಾಯ ಹೇಳುವುದು ಪತ್ರಿಕೆ, ರೇಡಿಯೊ, ಸಿನಿಮಾ ಮಟ್ಟದ ಅನಾಮಧೇಯತೆಯನ್ನು. ಕೂಟದ ಒಳಗೆ ಒಬ್ಬರಿಗೊಬ್ಬರು ಪೂರ್ತಿ ಹೆಸರಿನಿಂದಲೇ ಪರಿಚಿತರು. ವಿಳಾಸ, ಫೋನ್ ನಂಬರ್ ಬರೆದುಕೊಂಡ ಪುಟ್ಟ ಪುಸ್ತಕಗಳೂ ಇದ್ದವು. ಕಷ್ಟದಲ್ಲಿರುವವನಿಗೆ ರಾತ್ರಿ ಹೊತ್ತು ಫೋನ್ ಮಾಡಲು ಮನೆತನದ ಹೆಸರು ಬೇಕೇ ಬೇಕಿತ್ತು. ಆದ್ದರಿಂದ ಅಚ್ಚಾದ ಬರಹಗಳಲ್ಲಿ ಕಾಣದ ಹೆಸರು ಆ ಕಾಲದ ಖಾಸಗಿ ಪತ್ರ, ದಿನಚರಿ, ಪಟ್ಟಿಗಳಲ್ಲಿ ಪೂರ್ತಿಯಾಗಿಯೇ ಸಿಗಬಹುದು.

ಅವರೇ ಮುಚ್ಚಿಟ್ಟ ಹೆಸರನ್ನು ನಾವು ಬಿಚ್ಚುವುದು ತಪ್ಪಲ್ಲವೇ?

ಗುರುತು ಪತ್ತೆ ಮಾಡುವುದು ಬೇರೆ, ಪ್ರಕಟಿಸುವುದು ಬೇರೆ. ಒಬ್ಬರು ಯಾರೆಂದು ಖಚಿತವಾಗಿ ತಿಳಿದ ಮೇಲೂ ಪ್ರಕಟಿಸುವಾಗ "ಅರ್ನಿ ಜಿ." ಎಂದೇ ಬರೆಯಬಹುದು. ಚರಿತ್ರೆಗೆ ಅದರಿಂದ ನಷ್ಟವೇನೂ ಇಲ್ಲ. ಅವರು ಯಾವ ವರ್ಷ ಬಂದರು, ಏನು ಕೆಲಸ ಮಾಡುತ್ತಿದ್ದರು, ಯಾರ ಕೈ ಹಿಡಿದು ಎಬ್ಬಿಸಿದರು ಎಂಬುದು ಮನೆತನದ ಹೆಸರಿಲ್ಲದೆಯೂ ನಿಲ್ಲುತ್ತದೆ.

ಸತ್ತವರ ವಿಷಯದಲ್ಲಿ ಎ.ಎ. ಒಳಗಿನ ಸಾಮಾನ್ಯ ಅಭಿಪ್ರಾಯ ಇದು: ಸಾವಿನ ಬಳಿಕವೂ ಹೆಸರು ಬಯಲು ಮಾಡದಿರುವುದು ಲೇಸು, ಕೊನೆಯ ತೀರ್ಮಾನ ಮಾತ್ರ ಮನೆಯವರದು. ಎ.ಎ. ಸದಸ್ಯನಲ್ಲದ ಸಂಶೋಧಕನಿಗೆ ಇದು ಕಟ್ಟುಪಾಡಲ್ಲ. ಆದರೂ ಇದನ್ನು ಮೀರಲು ಗಟ್ಟಿಯಾದ ಕಾರಣ ಬೇಕು ಎಂಬುದು ನಮ್ಮ ನಿಲುವು. ಅದರಂತೆ, ಜೀವನಚರಿತ್ರೆಗಳಲ್ಲಿ, ಪತ್ರಿಕೆಗಳಲ್ಲಿ, ಗ್ರಂಥಾಲಯದ ಸಂಗ್ರಹಗಳ ಹೆಸರಿನಲ್ಲಿ ಈಗಾಗಲೇ ಬಹಿರಂಗವಾದವರಿಗೆ ಮಾತ್ರ ಇಲ್ಲಿ ಪೂರ್ತಿ ಹೆಸರು ಬಳಸಿದ್ದೇವೆ. ಬಿಲ್ ವಿಲ್ಸನ್ 1971ರ ಜನವರಿ 24ರಂದು ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿಯೇ ಪೂರ್ತಿ ಹೆಸರಿನೊಂದಿಗೆ ಸುದ್ದಿ ಬಂದಿತ್ತು. ಅಲ್ಲಿಗೆ ಅವರ ಮಟ್ಟಿಗೆ ಪ್ರಶ್ನೆ ಮುಗಿಯಿತು. ಉಳಿದವರ ಮಟ್ಟಿಗೆ ಮುಗಿದಿಲ್ಲ.

ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಬಿಗ್ ಬುಕ್‌ನ ಮೊದಲ ಆವೃತ್ತಿಯಿಂದ. ಅದರ ಹಿಂಭಾಗದಲ್ಲಿ 29 ಆತ್ಮಕಥನಗಳಿವೆ. ಒಂದಕ್ಕೂ ಬರೆದವರ ಹೆಸರಿಲ್ಲ, ಶೀರ್ಷಿಕೆ ಮಾತ್ರ. 1941ರ ಎರಡನೆಯ ಮುದ್ರಣದಲ್ಲಿ ಒಂದು ಕಥನವನ್ನು ಕೈಬಿಟ್ಟರು. 1955ರ ಎರಡನೆಯ ಆವೃತ್ತಿಯಲ್ಲಿ ಬಹುಪಾಲು ಹಳೆಯವು ಹೋಗಿ ಹೊಸವು ಬಂದವು, ಉಳಿದ ಕೆಲವಕ್ಕೆ ಶೀರ್ಷಿಕೆ ಬದಲಾಯಿತು. ನಿಮ್ಮ ಕೈಯಲ್ಲಿರುವುದು ಯಾವ ಆವೃತ್ತಿ, ಯಾವ ಮುದ್ರಣ ಎಂದು ಮೊದಲು ನೋಡಿಕೊಳ್ಳಿ. ಎರಡನೆಯ ಆವೃತ್ತಿ ಹಿಡಿದು ಮೊದಲ ಆವೃತ್ತಿಯವರನ್ನು ಹುಡುಕುವುದು ಬಹಳ ಸಾಮಾನ್ಯವಾದ ತಪ್ಪು.

ಒಂದು ಕಥನಕ್ಕೆ ಒಂದು ಹಾಳೆ ಇಟ್ಟುಕೊಳ್ಳಿ. ವಯಸ್ಸು ಅಥವಾ ವಯಸ್ಸು ಊಹಿಸುವ ಮಾತು, ಹುಟ್ಟೂರಿನ ಸುಳಿವು, ಕಸುಬು, ಓದು, ಮೊದಲ ಮಹಾಯುದ್ಧದಲ್ಲಿ ಸೇವೆ, ಮದುವೆ ಮತ್ತು ಮಕ್ಕಳು, ಆಸ್ಪತ್ರೆ ಸೇರಿದ್ದು, ಜೈಲು ಕಂಡದ್ದು, ಯಾರು ಬಂದು ಮಾತಾಡಿಸಿದರು ಎಂಬುದು, ಹೀಗೆ ಸಿಕ್ಕಿದ್ದನ್ನೆಲ್ಲ ಪುಟ ಸಂಖ್ಯೆಯೊಂದಿಗೆ ಬರೆದುಕೊಳ್ಳಿ. ಕಥನದಲ್ಲಿ ಇರುವ ಮಾತನ್ನು ಒಂದು ಶಾಯಿಯಲ್ಲಿ, ನೀವು ಊಹಿಸಿದ್ದನ್ನು ಇನ್ನೊಂದು ಶಾಯಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಮೂರು ತಿಂಗಳ ಬಳಿಕ ಯಾವುದು ಪುಸ್ತಕದ್ದು, ಯಾವುದು ನಿಮ್ಮದು ಎಂದು ನಿಮಗೇ ಗೊತ್ತಾಗುವುದಿಲ್ಲ.

ಕಥನದಲ್ಲಿ ಬರೆದದ್ದನ್ನು ಎಷ್ಟರಮಟ್ಟಿಗೆ ನಂಬಬಹುದು?

ಅನುಭವವನ್ನು ಪೂರ್ತಿ ನಂಬಿ, ತಾರೀಕನ್ನು ಅರ್ಧ ನಂಬಿ. ಆಕ್ರನ್ ಕಡೆಯ ಕಥನಗಳನ್ನು ಅಲ್ಲಿನದೇ ಒಬ್ಬ ಪತ್ರಕರ್ತ ಸದಸ್ಯ, ಜಿಮ್ ಎಸ್., ಕೂತು ಬರೆಸಿದರು, ತಿದ್ದಿದರು. ಆದ್ದರಿಂದ ಭಾಷೆಯ ಹೋಲಿಕೆ ನೋಡಿ "ಇವೆರಡೂ ಒಬ್ಬನೇ ಬರೆದದ್ದು" ಎಂದು ಹೇಳಲು ಬರುವುದಿಲ್ಲ. ಗುರುತು ಸಿಗಬಾರದೆಂದು ಊರು, ಉದ್ಯೋಗದ ವಿವರ ಮಸುಕು ಮಾಡಿರುವ ಸಾಧ್ಯತೆಯನ್ನೂ ಎಲ್ಲ ಕಡೆ ನೆನಪಿಡಬೇಕು.

ತಾರೀಕಿನ ವಿಷಯಕ್ಕೆ ಎ.ಎ.ಯ ಹುಟ್ಟುಹಬ್ಬಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಡಾ. ಬಾಬ್ ಕೊನೆಯ ಸಲ ಕುಡಿದ ದಿನವೇ ಎ.ಎ. ಹುಟ್ಟಿದ ದಿನ, ಅದು 1935ರ ಜೂನ್ 10 ಎಂದು ಪ್ರಪಂಚದಾದ್ಯಂತ ಆಚರಿಸುತ್ತಾರೆ. ಆದರೆ ಅವರು ಆ ಕೊನೆಯ ಕುಡಿತಕ್ಕೆ ಬಿದ್ದದ್ದು ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ನಿನ ಸಮ್ಮೇಳನಕ್ಕೆ ಅಟ್ಲಾಂಟಿಕ್ ಸಿಟಿಗೆ ಹೋಗಿದ್ದಾಗ. ಹಿಂದಿರುಗಿ, ಮನೆಯಲ್ಲಿ ಚೇತರಿಸಿಕೊಂಡು, ಒಂದು ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಕೈ ನಡುಗದಿರಲೆಂದು ಬಿಯರ್ ಕುಡಿದರು, ಅದೇ ಕೊನೆ. ಆ ವೈದ್ಯರ ಸಂಘದ ದಾಖಲೆಯ ಪ್ರಕಾರ ಆ ವರ್ಷದ ಸಮ್ಮೇಳನ ಶುರುವಾದದ್ದೇ ಜೂನ್ 10ಕ್ಕೆ, ಮುಗಿದದ್ದು 14ಕ್ಕೆ. ಹಾಗಿದ್ದರೆ ಕೊನೆಯ ಕುಡಿತ ಅದಕ್ಕಿಂತ ಕೆಲವು ದಿನ ತಡವಾಗಿ ಆಗಿರಬೇಕು. ಜೂನ್ 17ರ ಆಸುಪಾಸು ಎಂದು ಚರಿತ್ರೆ ಬಲ್ಲವರು ಹೇಳುತ್ತಾರೆ. ಸ್ಥಾಪಕರ ತಾರೀಕೇ ಒಂದು ವಾರ ಜಾರಿದ್ದರೆ, ನಲವತ್ತು ವರ್ಷದ ಬಳಿಕ ಟೇಪಿನಲ್ಲಿ ಹೇಳಿದ ನೆನಪು ಎಷ್ಟು ಜಾರಿರಬಹುದು ಲೆಕ್ಕ ಹಾಕಿ. ಹಾಗೆಂದು ಆಚರಣೆಯ ದಿನ ಬದಲಿಸಬೇಕಾಗಿಲ್ಲ. ಸಂಶೋಧನೆಯ ಹಾಳೆಯಲ್ಲಿ ಮಾತ್ರ ಎರಡನ್ನೂ ಬರೆದಿಡಬೇಕು.

"ಇವರೇ ಇರಬಹುದು" ಎನಿಸುವ ಅಭ್ಯರ್ಥಿಗಳು ಸಿಕ್ಕ ಮೇಲೆ ತಾಳೆ ನೋಡುವುದು ಯಾವ ದಾಖಲೆಗಳಿಂದ?

ಮೊದಲು ಸಿಟಿ ಡೈರೆಕ್ಟರಿ, ಆಮೇಲೆ ಜನಗಣತಿ, ಆಮೇಲೆ ಸೈನ್ಯದ ನೋಂದಣಿ ಕಾರ್ಡು, ಕೊನೆಗೆ ಮರಣವಾರ್ತೆ. ಈ ಸಾಲಿನಲ್ಲೇ ಹೋದರೆ ಸಮಯ ಉಳಿಯುತ್ತದೆ.

ಅಮೆರಿಕದ ಊರುಗಳಲ್ಲಿ ಆಗ ಹೆಚ್ಚುಕಡಿಮೆ ಪ್ರತಿ ವರ್ಷ ಡೈರೆಕ್ಟರಿ ಅಚ್ಚಾಗುತ್ತಿತ್ತು. ಹೆಸರು, ಆವರಣದಲ್ಲಿ ಹೆಂಡತಿಯ ಹೆಸರು, ಕಸುಬು, ವಿಳಾಸ ಎಲ್ಲ ಒಂದೇ ಸಾಲಿನಲ್ಲಿ ಇರುತ್ತದೆ. ವಿಳಾಸದ ಹಿಂದೆ "ಎಚ್" ಅಕ್ಷರ ಇದ್ದರೆ ಮನೆಯ ಯಜಮಾನ, "ಆರ್" ಇದ್ದರೆ ಆ ಮನೆಯಲ್ಲಿ ವಾಸವಿರುವವನು. ಕುಡಿತದಿಂದ ಮನೆ ಕಳಕೊಂಡವನ ಬದುಕು ಇಲ್ಲಿ ಕಣ್ಣಿಗೆ ಕಟ್ಟುತ್ತದೆ: ಒಂದು ವರ್ಷ "ಎಚ್", ಹೆಂಡತಿಯ ಹೆಸರು ಜೊತೆಗೆ, ಎರಡು ವರ್ಷ ಬಿಟ್ಟು "ಆರ್", ಹೆಂಡತಿಯ ಹೆಸರಿಲ್ಲ, ಕಸುಬೂ ಇಲ್ಲ, ಮತ್ತೆ 1937ರ ಸುಮಾರಿಗೆ "ಎಚ್". ಕಥನದಲ್ಲಿ ಹೇಳಿದ ಏಳುಬೀಳು ಡೈರೆಕ್ಟರಿಯ ಸಾಲುಗಳೊಂದಿಗೆ ಹೊಂದಿದರೆ ಅದು ಬಲವಾದ ಸುಳಿವು. ಡೈರೆಕ್ಟರಿಗೆ ಮಾಹಿತಿ ಸಂಗ್ರಹಿಸುವುದು ಅಚ್ಚಾಗುವುದಕ್ಕೆ ತಿಂಗಳುಗಳ ಮುಂಚೆ ಎಂಬುದು ನೆನಪಿರಲಿ.

ಅಮೆರಿಕದ ಜನಗಣತಿಯ ವೈಯಕ್ತಿಕ ಹಾಳೆಗಳು 72 ವರ್ಷದ ಬಳಿಕ ತೆರೆದುಕೊಳ್ಳುತ್ತವೆ. 1940ರದ್ದು 2012ರ ಏಪ್ರಿಲ್ 2ರಂದು, 1950ರದ್ದು 2022ರ ಏಪ್ರಿಲ್ 1ರಂದು ತೆರೆಯಿತು. ನಮ್ಮ ಕೆಲಸಕ್ಕೆ 1940ರದ್ದು ಚಿನ್ನದಂಥ ದಾಖಲೆ, ಏಕೆಂದರೆ ಅದರಲ್ಲಿ "1935ರ ಏಪ್ರಿಲ್ 1ರಂದು ಎಲ್ಲಿ ವಾಸವಿದ್ದಿರಿ" ಎಂಬ ಪ್ರಶ್ನೆ ಇದೆ. ಎ.ಎ. ಹುಟ್ಟುವ ಎರಡು ತಿಂಗಳ ಹಿಂದಿನ ಊರು! ಅಭ್ಯರ್ಥಿ 1935ರಲ್ಲಿ ಬೇರೆ ರಾಜ್ಯದಲ್ಲಿದ್ದನೆಂದು ಬಂದರೆ, ಆ ಬೇಸಿಗೆಯಲ್ಲಿ ಆಕ್ರನ್ನಿನಲ್ಲಿದ್ದ ಎಂಬ ವಾದವನ್ನು ಮತ್ತೆ ಪರೀಕ್ಷಿಸಬೇಕು. ಅದೇ ಹಾಳೆಯಲ್ಲಿ ಮನೆಯ ಒಬ್ಬರ ಹೆಸರಿನ ಮುಂದೆ ಸುತ್ತು ಹಾಕಿದ ಗುಣಾಕಾರ ಚಿಹ್ನೆ ಇರುತ್ತದೆ. ಗಣತಿಯವರಿಗೆ ಮಾಹಿತಿ ಕೊಟ್ಟವರು ಅವರು. ಅತ್ತೆಯೋ ಮಗಳೋ ಕೊಟ್ಟ ಮಾಹಿತಿಯಲ್ಲಿ ವಯಸ್ಸು, ಹುಟ್ಟೂರು ತಪ್ಪಿದ್ದರೆ ಆಶ್ಚರ್ಯವಿಲ್ಲ. ಹೆಸರಿನ ಸೂಚಿಯಲ್ಲಿ ಸಿಗದಿದ್ದರೆ ಕೈಬಿಡಬೇಡಿ. ಡೈರೆಕ್ಟರಿಯ ವಿಳಾಸದಿಂದ ಗಣತಿ ವಲಯದ ಸಂಖ್ಯೆ ಹುಡುಕಿ, ಆ ಬೀದಿಯ ಹಾಳೆಗಳನ್ನು ಒಂದೊಂದಾಗಿ ಓದಿ. ಸೂಚಿ ಮಾಡಿದವರು ಕೈಬರಹ ತಪ್ಪಾಗಿ ಓದಿರುವುದು ಬಹಳ.

1942ರ ಏಪ್ರಿಲ್ 27ರಂದು ನಡೆದ ಸೈನ್ಯದ ನೋಂದಣಿಯಲ್ಲಿ 1877ರ ಏಪ್ರಿಲ್ 28ರಿಂದ 1897ರ ಫೆಬ್ರವರಿ 16ರ ನಡುವೆ ಹುಟ್ಟಿದ ಗಂಡಸರೆಲ್ಲ ಹೆಸರು ಬರೆಸಬೇಕಿತ್ತು. 1879ರಲ್ಲಿ ಹುಟ್ಟಿದ ಡಾ. ಬಾಬ್, 1895ರಲ್ಲಿ ಹುಟ್ಟಿದ ಬಿಲ್ ಇಬ್ಬರೂ ಈ ವಯಸ್ಸಿನೊಳಗೆ ಬರುತ್ತಾರೆ. ಆದಿಕಾಲದ ಸದಸ್ಯರಲ್ಲಿ ಹಲವರು ನಡುವಯಸ್ಸು ದಾಟಿದವರಾದ್ದರಿಂದ ಈ ಕಾರ್ಡುಗಳು ಉಪಯುಕ್ತ. ಹುಟ್ಟಿದ ದಿನ, ಊರು, ಕೆಲಸ ಕೊಟ್ಟವರ ಹೆಸರು, "ನಿಮ್ಮ ವಿಳಾಸ ಯಾವಾಗಲೂ ಗೊತ್ತಿರುವ ವ್ಯಕ್ತಿ" ಯಾರೆಂಬುದು, ಹಿಂಬದಿಯಲ್ಲಿ ಎತ್ತರ, ತೂಕ, ಕಣ್ಣಿನ ಬಣ್ಣ, ಗಾಯದ ಗುರುತು ಎಲ್ಲ ಇರುತ್ತದೆ. ಎರಡು ತೊಂದರೆಗಳಿವೆ. ಜಾರ್ಜಿಯಾ, ಫ್ಲಾರಿಡಾ, ಟೆನೆಸೀಯಂಥ ಕೆಲವು ದಕ್ಷಿಣದ ರಾಜ್ಯಗಳ ಕಾರ್ಡುಗಳು ಉಳಿದಿಲ್ಲ. ಪೆನ್ಸಿಲ್ವೇನಿಯ, ಮೇರಿಲ್ಯಾಂಡ್ ಮುಂತಾದ ಕೆಲವು ರಾಜ್ಯಗಳ ಕಾರ್ಡುಗಳ ಸ್ಕ್ಯಾನ್ ಚಿತ್ರಗಳಲ್ಲಿ ಒಬ್ಬನ ಕಾರ್ಡಿನ ಮುಂಬದಿಯ ಜೊತೆ ಇನ್ನೊಬ್ಬನ ಹಿಂಬದಿ ಸೇರಿಕೊಂಡಿದೆ. ಹಿಂಬದಿಯ ವಿವರ ನಂಬುವ ಮೊದಲು ಹಿಂದಿನ ಮತ್ತು ಮುಂದಿನ ಚಿತ್ರ ನೋಡಿ.

ಸಮಾಧಿಯ ಕಲ್ಲಿನಿಂದ ಹುಟ್ಟು ಸಾವಿನ ತಾರೀಕು ಸಿಗುತ್ತದೆ, ಎ.ಎ. ಸಂಬಂಧ ಸಿಗುವುದಿಲ್ಲ. ವರ್ಮಾಂಟಿನ ಈಸ್ಟ್ ಡಾರ್ಸೆಟ್‌ನಲ್ಲಿರುವ ಬಿಲ್ ವಿಲ್ಸನ್ನರ ಕಲ್ಲಿನ ಮೇಲೂ ಎ.ಎ. ಎಂಬ ಮಾತಿಲ್ಲ.

"ಬಿಲ್ ಡಿ." ಎಂದಷ್ಟೇ ಇದ್ದರೆ ಯಾವ ಹೆಸರಿನಲ್ಲಿ ಹುಡುಕಬೇಕು?

ಕರೆಯುವ ಹೆಸರು ಸರ್ಕಾರಿ ಕಾಗದದಲ್ಲಿ ಇರುವುದಿಲ್ಲ. ಬಿಲ್ ಅಂದರೆ ವಿಲಿಯಂ, ಬಾಬ್ ಅಂದರೆ ರಾಬರ್ಟ್, ಹ್ಯಾಂಕ್ ಅಂದರೆ ಹೆನ್ರಿ, ಜ್ಯಾಕ್ ಅಂದರೆ ಸಾಮಾನ್ಯವಾಗಿ ಜಾನ್, ಪೆಗ್ಗಿ ಅಂದರೆ ಮಾರ್ಗರೆಟ್. ಕೆಲವು ಅಡ್ಡಹೆಸರು ಊಹೆಗೆ ನಿಲುಕುವುದಿಲ್ಲ: ಬಿಲ್ ವಿಲ್ಸನ್‌ಗೆ ದಾರಿ ತೋರಿದ ಎಬಿ ಥ್ಯಾಚರ್ ಅವರ ನಿಜ ಹೆಸರು ಎಡ್ವಿನ್. ಮನೆತನದ ಹೆಸರನ್ನೂ ಒಂದೇ ಕಾಗುಣಿತದಲ್ಲಿ ಹುಡುಕಬೇಡಿ. ಥ್ಯಾಚರ್ ಹೆಸರಿಗೆ ಇಲ್ಲದ ಒಂದು "ಟಿ" ಸೇರಿಸಿ ಬರೆದವರು ಬೇಕಾದಷ್ಟಿದ್ದಾರೆ.

ಒಂದೇ ಹೆಸರು, ಒಂದೇ ಅಕ್ಷರದ ಇಬ್ಬರು ಇರುವುದು ಇನ್ನೂ ದೊಡ್ಡ ಅಪಾಯ. ಇಬ್ಬರ ಬದುಕು ಸೇರಿ ಒಬ್ಬನೇ ಆಗಿಬಿಡುತ್ತಾನೆ. ಇದನ್ನು ತಪ್ಪಿಸಲು ಹೆಸರಿನ ಪಕ್ಕದಲ್ಲಿ ಯಾವಾಗಲೂ ಊರು ಮತ್ತು ಕುಡಿತ ಬಿಟ್ಟ ವರ್ಷ ಬರೆಯಿರಿ: "ಬಿಲ್ ಡಿ., ಆಕ್ರನ್, 1935".

ಮಹಿಳಾ ಸದಸ್ಯರನ್ನು ಹುಡುಕುವುದು ಇಷ್ಟು ಕಷ್ಟವೇಕೆ?

ಆ ಕಾಲದ ಪತ್ರಿಕೆ, ಪಟ್ಟಿಗಳಲ್ಲಿ ಮದುವೆಯಾದ ಹೆಂಗಸಿಗೆ ಗಂಡನ ಹೆಸರೇ ಹೆಸರು. ಕುಡಿತದ ಕಾರಣಕ್ಕೆ ವಿಚ್ಛೇದನವಾಗಿ ಮರುಮದುವೆಯಾದರೆ ಹತ್ತು ವರ್ಷದಲ್ಲಿ ಮೂರು ಹೆಸರು. ಹಾಗಾಗಿ ಮದುವೆ ಮತ್ತು ವಿಚ್ಛೇದನದ ದಾಖಲೆಗಳಿಂದ ಹಿಂದಕ್ಕೆ ಹೋಗಬೇಕು, ತವರಿನ ಹೆಸರು ಸಿಕ್ಕ ಮೇಲೆ 1900, 1910ರ ಗಣತಿಗೆ ಇಳಿಯಬೇಕು.

ಇನ್ನೊಂದು ಕಾರಣ, ಅವರು ಇದ್ದರೆಂಬುದನ್ನೇ ಮರೆಸಿದ ಬರಹ. ಬಿಗ್ ಬುಕ್‌ನ ಮೊದಲ ಆವೃತ್ತಿಯ ಶೀರ್ಷಿಕೆ ಪುಟ ನೂರಕ್ಕೂ ಹೆಚ್ಚು "ಗಂಡಸರು" ಗುಣವಾದ ಕಥೆ ಎನ್ನುತ್ತದೆ. ಒಳಗೆ ಫ್ಲಾರೆನ್ಸ್ ಆರ್. ಎಂಬಾಕೆಯ ಕಥನ ಇದೆ. ಆಕೆ ಆಮೇಲೆ ಮತ್ತೆ ಕುಡಿತಕ್ಕೆ ಬಿದ್ದರು. ಎರಡನೆಯ ಆವೃತ್ತಿಯಲ್ಲಿ ಆಕೆಯ ಕಥನ ಇಲ್ಲ. 1939ರಲ್ಲಿ ಬಂದ ಮಾರ್ಟಿ ಮ್ಯಾನ್ ತಮ್ಮ ಹೆಸರಿನಲ್ಲೇ 1944ರಿಂದ ಮದ್ಯವ್ಯಸನದ ಬಗ್ಗೆ ದೇಶದಾದ್ಯಂತ ಜಾಗೃತಿ ಮೂಡಿಸಿದ್ದರಿಂದ ಅವರ ಬದುಕು ಚೆನ್ನಾಗಿ ದಾಖಲಾಗಿದೆ. "ಮೊದಲ ಮಹಿಳೆ" ಎಂದು ಅವರನ್ನು ಕರೆಯುವ ರೂಢಿ ಬಂದದ್ದು ಹೀಗೆ. ಫ್ಲಾರೆನ್ಸ್ ಅವರನ್ನು ಮರೆತು ಆ ಮಾತು ಬರೆಯಬಾರದು.

ಸರಿಯಾಗಿ ನಡೆದ ಒಂದು ಗುರುತಿಸುವಿಕೆಯ ಉದಾಹರಣೆ ಕೊಡುತ್ತೀರಾ?

ರೋಲ್ಯಾಂಡ್ ಹ್ಯಾಜರ್ಡ್ ಅವರದ್ದು. ಬಿಗ್ ಬುಕ್‌ನ ಎರಡನೆಯ ಅಧ್ಯಾಯದಲ್ಲಿ ಅಮೆರಿಕದ ಒಬ್ಬ ವ್ಯಾಪಾರಸ್ಥ ಬರುತ್ತಾನೆ. ಹೆಸರಾಂತ ಮನೋವೈದ್ಯ ಕಾರ್ಲ್ ಯೂಂಗ್ ಬಳಿ ಚಿಕಿತ್ಸೆ ಪಡೆದು, ಮತ್ತೆ ಕುಡಿದು, ಹಿಂದಿರುಗಿ ಹೋದಾಗ "ನಿನಗೆ ವೈದ್ಯದಲ್ಲಿ ದಾರಿಯಿಲ್ಲ, ಆಧ್ಯಾತ್ಮಿಕ ಪರಿವರ್ತನೆಯಾದರೆ ಉಂಟು" ಎಂಬ ಅರ್ಥದ ಮಾತು ಕೇಳುತ್ತಾನೆ. ಎ.ಎ.ಯ ಮೂಲ ವಿಚಾರಕ್ಕೆ ಬೇರು ಇಲ್ಲಿದೆ ಎನ್ನುತ್ತಾರೆ.

ವ್ಯಕ್ತಿ ಯಾರೆಂಬುದಕ್ಕೆ ದೃಢೀಕರಣ ಬಂದದ್ದು ಪತ್ರಗಳಿಂದ. 1961ರ ಜನವರಿ 23ರಂದು ಬಿಲ್ ವಿಲ್ಸನ್ ಯೂಂಗ್ ಅವರಿಗೆ ಬರೆದರು, ಜನವರಿ 30ರಂದು ಯೂಂಗ್ ಉತ್ತರಿಸಿದರು, ಆ ರೋಗಿ ತನಗೆ ನೆನಪಿದ್ದಾನೆ ಎಂದರು. ಬಿಲ್ ತಮ್ಮ ಪತ್ರದಲ್ಲಿ ಚಿಕಿತ್ಸೆಯ ವರ್ಷವನ್ನು 1931ರ ಸುಮಾರು ಎಂದಿದ್ದರು. ಮುಂದೆ ನಲವತ್ತು ವರ್ಷ ಎಲ್ಲರೂ ಅದನ್ನೇ ಬರೆದರು.

ಹ್ಯಾಜರ್ಡ್ ಕುಟುಂಬ ರೋಡ್ ಐಲೆಂಡ್ ರಾಜ್ಯದ ಹಳೆಯ ಗಿರಣಿ ಮಾಲೀಕರ ಮನೆತನ. ಅವರ ಕಾಗದಪತ್ರಗಳು ಪ್ರಾವಿಡೆನ್ಸ್‌ನ ರೋಡ್ ಐಲೆಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಸಂಶೋಧಕರು ಅವನ್ನು ಓದಿದಾಗ, ರೋಲ್ಯಾಂಡ್ ಜ್ಯೂರಿಕ್‌ನಲ್ಲಿ ಯೂಂಗ್ ಬಳಿ ಇದ್ದದ್ದು 1926ರಲ್ಲಿ ಎಂದು ಕಂಡಿತು. ಜನ ನಂಬಿದ್ದಂತೆ ವರ್ಷಗಟ್ಟಲೆ ಅಲ್ಲ, ಅದಕ್ಕಿಂತ ಬಹಳ ಕಡಿಮೆ ಅವಧಿ. 2006ರಲ್ಲಿ ಇದು ಮನೋವಿಜ್ಞಾನದ ಇತಿಹಾಸದ ಒಂದು ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದದ್ದು: ವ್ಯಕ್ತಿ ಸರಿ, ವರ್ಷ ತಪ್ಪು. ಯೂಂಗ್ ಉತ್ತರ ವ್ಯಕ್ತಿಯನ್ನು ದೃಢಪಡಿಸಿತು, ವರ್ಷವನ್ನು ಅಲ್ಲ. ಒಂದು ದಾಖಲೆ ಯಾವ ಮಾತಿಗೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂದು ಬಿಡಿಸಿ ನೋಡುವುದು ಇದಕ್ಕೇ. ಇನ್ನೂ ಒಂದು ಮಾತು: ರೋಲ್ಯಾಂಡ್ ಎ.ಎ. ಸದಸ್ಯರಲ್ಲ. ಅವರು ಆಕ್ಸ್‌ಫರ್ಡ್ ಗ್ರೂಪ್‌ನವರು. 1934ರಲ್ಲಿ ಎಬಿ ಥ್ಯಾಚರ್ ಅವರಿಗೆ ನೆರವಾದರು, ಎಬಿ ಆ ವರ್ಷದ ನವೆಂಬರ್‌ನಲ್ಲಿ ಬಿಲ್ ಮನೆಗೆ ಹೋದರು. ಸರಪಳಿಯ ಕೊಂಡಿಗಳನ್ನೆಲ್ಲ "ಆದಿ ಸದಸ್ಯರು" ಪಟ್ಟಿಗೆ ಸೇರಿಸಬಾರದು.

ಆಸ್ಪತ್ರೆಯ ದಾಖಲೆ ಸಿಗುತ್ತದೆಯೇ?

ಕೇಳಲು ಹೋಗಬೇಡಿ. ಅಮೆರಿಕದ ಕಾನೂನಿನಲ್ಲಿ ವೈದ್ಯಕೀಯ ದಾಖಲೆಗೆ ಸಾವಿನ ನಂತರವೂ 50 ವರ್ಷ ರಕ್ಷಣೆ ಇದೆ, ವ್ಯಸನ ಚಿಕಿತ್ಸೆಯ ದಾಖಲೆಗೆ ಅದಕ್ಕಿಂತ ಬಿಗಿಯಾದ ಪ್ರತ್ಯೇಕ ನಿಯಮವಿದೆ. ಸಿಕ್ಕರೂ ದಾರಿ ತಪ್ಪಿಸಬಹುದು. ಆಗಿನ ಬಹುಪಾಲು ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1939ರಲ್ಲಿ ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಸಿಸ್ಟರ್ ಇಗ್ನೇಶಿಯಾ ಡಾ. ಬಾಬ್ ಕಳಿಸಿದ ರೋಗಿಯನ್ನು ದಾಖಲಿಸಿಕೊಂಡದ್ದು "ಜಠರದ ಉರಿಯೂತ" ಎಂದು ಬರೆದು. ಒಂದು ಜೀವ ಉಳಿಸಲು ಬರೆದ ಆ ಪದವನ್ನು ನಾವು ರೋಗನಿದಾನವೆಂದು ಓದಿದರೆ ತಪ್ಪು ನಮ್ಮದು. ಮರಣಪತ್ರಗಳಲ್ಲೂ ಹೀಗೆಯೇ.

ಯಾವ ಸಂಗ್ರಹಾಲಯದಲ್ಲಿ ಏನಿದೆ? ಭಾರತದಲ್ಲಿ ಕೂತು ವಿಚಾರಿಸಬಹುದೇ?

ಇಮೇಲ್‌ನಲ್ಲಿ ವಿಚಾರಿಸಬಹುದು. ನ್ಯೂಯಾರ್ಕಿನ ಎ.ಎ. ಜನರಲ್ ಸರ್ವೀಸ್ ಆಫೀಸಿನ ಸಂಗ್ರಹಾಲಯ 1975ರಲ್ಲಿ ವಿಧ್ಯುಕ್ತವಾಗಿ ತೆರೆಯಿತು. ಬಿಲ್ ಅವರ ಕಾರ್ಯದರ್ಶಿಯಾಗಿದ್ದ ನೆಲ್ ವಿಂಗ್ ಅದರ ಮೊದಲ ಸಂಗ್ರಹಪಾಲಕಿ. ಅಲ್ಲಿನ ಪತ್ರಗಳನ್ನು ಓದಲು ಸಮಿತಿಯ ಅನುಮತಿ ಬೇಕು, ಉಲ್ಲೇಖಿಸುವಾಗ ಸದಸ್ಯರ ಅನಾಮಧೇಯತೆ ಕಾಯುವೆನೆಂದು ಒಪ್ಪಬೇಕು. ನ್ಯೂಯಾರ್ಕ್ ರಾಜ್ಯದ ಸ್ಟೆಪ್ಪಿಂಗ್ ಸ್ಟೋನ್ಸ್, ಅಂದರೆ ಬಿಲ್ ಮತ್ತು ಲೋಯಿಸ್ ವಾಸವಿದ್ದ ಮನೆಯಲ್ಲಿ, ಆ ದಂಪತಿಗಳ ಕಾಗದಪತ್ರಗಳಿವೆ. ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಗ್ರಂಥಾಲಯದಲ್ಲಿ ಮದ್ಯವ್ಯಸನ ಮತ್ತು ಎ.ಎ. ಕುರಿತ ದೊಡ್ಡ ಸಂಗ್ರಹ ಇದೆ, ಕ್ಲೀವ್‌ಲ್ಯಾಂಡಿನ ಕ್ಲಾರೆನ್ಸ್ ಸ್ನೈಡರ್ ಅವರದ್ದೂ ಸೇರಿ. ಎ.ಎ. ಸ್ಥಾಪಕರು ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಬಳಿ ನೆರವು ಕೇಳಿದ ಕಾಲದ ವರದಿಗಳು ಸ್ಲೀಪಿ ಹಾಲೋದಲ್ಲಿರುವ ರಾಕ್‌ಫೆಲರ್ ಆರ್ಕೈವ್ ಸೆಂಟರ್‌ನಲ್ಲಿವೆ. 1938ರ ಫೆಬ್ರವರಿಯಲ್ಲಿ ರಾಕ್‌ಫೆಲರ್ ಕಡೆಯವರಾದ ಫ್ರ್ಯಾಂಕ್ ಏಮಸ್ ಆಕ್ರನ್ನಿಗೆ ಹೋಗಿ ನೋಡಿ ಬರೆದ ವರದಿ ಅವುಗಳಲ್ಲಿ ಬಹಳ ಮುಖ್ಯ. ಅದು ಹೊರಗಿನವನೊಬ್ಬ ಅದೇ ಕಾಲದಲ್ಲಿ ಬರೆದದ್ದು, ನೆನಪಿನಿಂದ ಬಂದದ್ದಲ್ಲ.

ಪತ್ರ ಚಿಕ್ಕದಾಗಿರಲಿ. ಯಾವ ವರ್ಷ, ಯಾವ ಊರು, ಯಾವ ಕಥನ, ಈವರೆಗೆ ಏನು ನೋಡಿದ್ದೀರಿ, ಹೆಸರನ್ನು ಹೇಗೆ ಬಳಸುತ್ತೀರಿ ಎಂಬ ಐದು ಮಾತು ಸಾಕು. "ಮೊದಲ ಸದಸ್ಯರ ಬಗ್ಗೆ ಇರುವುದೆಲ್ಲ ಕಳಿಸಿ" ಎಂದರೆ ಯಾವ ಸಂಗ್ರಹಪಾಲಕರಿಗೂ ಉತ್ತರಿಸಲು ಆಗುವುದಿಲ್ಲ.

ಹಳೆಯ ಬಿಗ್ ಬುಕ್ ಪ್ರತಿಯಲ್ಲಿ ಕಥನಗಳ ಪಕ್ಕ ಯಾರೋ ಹೆಸರು ಬರೆದಿದ್ದಾರೆ. ನಂಬಬಹುದೇ?

ಮೊದಲು ಮುದ್ರಣ ನೋಡಿ. ಮೊದಲ ಆವೃತ್ತಿ 16 ಸಲ ಮುದ್ರಣಗೊಂಡಿದೆ. ಆರನೆಯದೋ ಹತ್ತನೆಯದೋ ಮುದ್ರಣದ ಪ್ರತಿಯಲ್ಲಿ ಇರುವ ಬರಹ 1939ರದ್ದಾಗಿರಲು ಸಾಧ್ಯವೇ ಇಲ್ಲ. ಆಮೇಲೆ ಕೈಬರಹ ನೋಡಿ. ಎಲ್ಲ ಹೆಸರುಗಳೂ ಒಂದೇ ಕೈಯಲ್ಲಿದ್ದರೆ ಅದು ಒಬ್ಬ ಓದುಗನ ಟಿಪ್ಪಣಿ. ಬೇರೆ ಬೇರೆ ಕೈಯಲ್ಲಿದ್ದರೆ ಬರೆದವರೇ ಸಹಿ ಹಾಕಿದ್ದಿರಬಹುದು, ಆಗ ಬೆಲೆ ಬೇರೆ. ಒಂದೇ ಕೈಯ ಟಿಪ್ಪಣಿಯನ್ನು ತಳ್ಳಿಹಾಕಬೇಕಿಲ್ಲ, ಅಭ್ಯರ್ಥಿಗಳ ಪಟ್ಟಿಗೆ ಹಾಕಿಕೊಳ್ಳಿ. ಇಂಥ ಟಿಪ್ಪಣಿಗಳು ಒಂದರಿಂದ ಇನ್ನೊಂದು ಪ್ರತಿಗೆ ನಕಲಾಗುತ್ತ ಬಂದಿರುವುದರಿಂದ, ಐದು ಪ್ರತಿಗಳಲ್ಲಿ ಒಂದೇ ಹೆಸರಿದ್ದರೂ ಅದು ಐದು ಸಾಕ್ಷಿ ಆಗದು.

"ಮೊದಲ ನೂರು ಜನ"ರ ಪಟ್ಟಿ ಇದೆಯೇ?

ನೂರು ಎಂಬುದು ಪುಸ್ತಕದ ಶೀರ್ಷಿಕೆ ಪುಟದ ದುಂಡು ಸಂಖ್ಯೆ. 1937ರ ನವೆಂಬರ್‌ನಲ್ಲಿ ಬಿಲ್ ಮತ್ತು ಡಾ. ಬಾಬ್ ಕೂತು ಎಣಿಸಿದಾಗ ಗಟ್ಟಿಯಾಗಿ ನಿಂತವರು ಸುಮಾರು ನಲವತ್ತು. ನೂರು ಆಗಲೇಬೇಕೆಂದು ಹೆಸರು ತುಂಬಿಸುವವರು ಹೆಂಡತಿಯರನ್ನು, ಆಕ್ಸ್‌ಫರ್ಡ್ ಗ್ರೂಪ್‌ನವರನ್ನು, ಒಂದೇ ಸಭೆಗೆ ಬಂದು ಹೋದವರನ್ನು ಸೇರಿಸಿಬಿಡುತ್ತಾರೆ.

ಕ್ರಮಸಂಖ್ಯೆಗಳ ಮೇಲೂ ಎಚ್ಚರ ಬೇಕು. ಬಿಲ್ ಡಿ. "ಮೂರನೆಯ ಸದಸ್ಯ" ಎಂದು ಪ್ರಸಿದ್ಧರು. ಅವರಿಗಿಂತ ಮೊದಲು ಎಡ್ಡಿ ಆರ್. ಎಂಬವರ ಮೇಲೆ ಸ್ಥಾಪಕರಿಬ್ಬರೂ ಬಹಳ ಶ್ರಮ ಹಾಕಿದ್ದರು, ಆಗ ಫಲ ಸಿಗಲಿಲ್ಲ. ಎಡ್ಡಿ ಬಹಳ ವರ್ಷಗಳ ಬಳಿಕ ಕುಡಿತ ಬಿಟ್ಟರು. ಸಂಖ್ಯೆ ಸಿಕ್ಕಿದ್ದು ನಿಂತವರಿಗೆ, ಬಂದವರಿಗೆ ಅಲ್ಲ. ಬಿಲ್ ಡಿ. ಅವರ ಕಥನ ಮೊದಲ ಆವೃತ್ತಿಯಲ್ಲಿ ಇಲ್ಲ, 1955ರದ್ದರಲ್ಲಿ ಇದೆ ಎಂಬುದೂ ತಿಳಿದಿರಲಿ. ಮೊದಲ ಆವೃತ್ತಿಯಲ್ಲಿ ಕಥನ ಇಲ್ಲದ್ದರಿಂದ "ಆದಿಯವರಲ್ಲ" ಎಂದು ತೀರ್ಮಾನಿಸಬಾರದು.

ಎಷ್ಟು ಸಾಕ್ಷಿ ಇದ್ದರೆ "ಗುರುತು ಸಿಕ್ಕಿತು" ಎನ್ನಬಹುದು?

ನಾವು ಮೂರು ದರ್ಜೆ ಇಟ್ಟುಕೊಂಡಿದ್ದೇವೆ. ಖಚಿತ: ಒಂದರಿಂದ ಒಂದು ಹುಟ್ಟದ ಎರಡು ದಾಖಲೆಗಳು ಬೇಕು, ಅವುಗಳಲ್ಲಿ ಒಂದಾದರೂ 1941ಕ್ಕಿಂತ ಹಿಂದಿನದು, ಜೊತೆಗೆ ಹೊಂದದ ದೊಡ್ಡ ವಿವರ ಯಾವುದೂ ಇರಬಾರದು. ಬಹುಮಟ್ಟಿಗೆ: ಎ.ಎ. ಒಳಗಿನ ಒಂದು ಒಳ್ಳೆಯ ಸಾಕ್ಷಿ, ಮತ್ತು ಡೈರೆಕ್ಟರಿ ಅಥವಾ ಗಣತಿಯೊಂದಿಗೆ ತಾಳೆ. ಊಹೆ: ಉಳಿದದ್ದೆಲ್ಲ. ಊಹೆಯ ದರ್ಜೆಯಲ್ಲಿ ಇರುವವರೆಗೆ ಹೆಸರನ್ನು ನಿಮ್ಮ ಹಾಳೆಯಿಂದ ಹೊರಗೆ ಬಿಡಬೇಡಿ. ಹೊಂದದ ವಿವರವನ್ನು ಹೊಂದಿದ್ದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಮೊಮ್ಮಕ್ಕಳು ಸಿಕ್ಕಿದ್ದಾರೆ. ಹೇಗೆ ಮಾತಾಡಿಸಬೇಕು?

ಅಜ್ಜ ಕುಡುಕರಾಗಿದ್ದರು ಎಂಬುದೇ ಅವರಿಗೆ ಗೊತ್ತಿಲ್ಲದಿರಬಹುದು. ಮೊದಲ ಪತ್ರದಲ್ಲಿ ಎ.ಎ. ಹೆಸರು ಬೇಡ. "1930ರ ದಶಕದ ಆಕ್ರನ್ನಿನ ಚರಿತ್ರೆ ಬರೆಯುತ್ತಿದ್ದೇವೆ, ನಿಮ್ಮ ಮನೆತನದವರ ಬಗ್ಗೆ ಮಾತಾಡಬಹುದೇ" ಎಂದು ಕೇಳಿ. ಪೋಸ್ಟ್‌ಕಾರ್ಡಿನಲ್ಲಿ, ಸಾಮಾಜಿಕ ಜಾಲತಾಣದ ಗೋಡೆಯ ಮೇಲೆ, ಉಳಿದವರು ನೋಡುವ ಕಡೆ ಬರೆಯಲೇಬೇಡಿ. ಅವರಾಗಿಯೇ ವಿಷಯ ಎತ್ತಿದರೆ ಮುಂದುವರಿಯಿರಿ. ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ. ಒಪ್ಪಿದರೆ ಯಾವುದಕ್ಕೆ ಒಪ್ಪಿದ್ದಾರೆಂದು ಲಿಖಿತವಾಗಿ ಪಡೆಯಿರಿ: ಹೆಸರಿಗೋ, ಫೋಟೋಗೋ, ಪತ್ರಗಳ ಉಲ್ಲೇಖಕ್ಕೋ.

ಕರ್ನಾಟಕದ ಗುಂಪುಗಳ ಹಳೆಯ ಸದಸ್ಯರ ಚರಿತ್ರೆ ಬರೆಯಲು ಇದೇ ವಿಧಾನ ನಡೆಯುತ್ತದೆಯೇ?

ಕೆಲವು ಭಾಗ ಮಾತ್ರ. 1948ರ ಜನಗಣತಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಮನೆಮನೆಯ ಗಣತಿ ಹಾಳೆ ಯಾರಿಗೂ ನೋಡಲು ಸಿಗುವುದಿಲ್ಲ, 72 ವರ್ಷದ ಲೆಕ್ಕವೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಡಿ ಮರಣದ ನಕಲು ಪಡೆಯಬಹುದು, ಅದರಲ್ಲಿ ಸಾವಿನ ಕಾರಣ ಕೊಡುವುದಿಲ್ಲ. ಹೀಗಾಗಿ ಉಳಿಯುವುದು ಬದುಕಿರುವ ಹಿರಿಯ ಸದಸ್ಯರ ಮಾತು, ಗುಂಪಿನ ಹಳೆಯ ಲೆಕ್ಕದ ಪುಸ್ತಕ, ಪತ್ರಿಕೆಗಳ ಶ್ರದ್ಧಾಂಜಲಿ, ಮಂಗಳೂರು ಕಡೆ ಚರ್ಚುಗಳ ದಾಖಲೆ.

ಒಂದು ದೊಡ್ಡ ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಅಮೆರಿಕದಲ್ಲಿ "ಬಿಲ್ ಡಬ್ಲ್ಯೂ." ಎಂದರೆ ಮನೆತನ ಅಡಗುತ್ತದೆ. ನಮ್ಮಲ್ಲಿ ಊರಿನ ಅಥವಾ ಅಪ್ಪನ ಹೆಸರಿನ ಅಕ್ಷರ ಹೆಸರಿಗೆ ಮೊದಲೇ ಬರುತ್ತದೆ, "ಎಸ್. ಮಂಜುನಾಥ್" ಎಂದರೆ ರೇಷನ್ ಕಾರ್ಡಿನಲ್ಲಿರುವ ಪೂರ್ತಿ ಹೆಸರೇ ಆಯಿತು. ಅದರ ಜೊತೆ ತಾಲ್ಲೂಕು, ಇಲಾಖೆ, ನಿವೃತ್ತಿಯ ವರ್ಷ ಸೇರಿಸಿದರೆ ಊರಿಗೆ ಊರೇ ಗುರುತು ಹಿಡಿಯುತ್ತದೆ. ಇಲ್ಲಿ ಅಕ್ಷರ ಬಿಟ್ಟು ಬರೀ ಹೆಸರು ಬರೆಯಿರಿ, ತಾಲ್ಲೂಕಿನ ಬದಲು ಜಿಲ್ಲೆ ಹಾಕಿ, ಕಸುಬನ್ನು "ಸರ್ಕಾರಿ ನೌಕರ" ಎಂಬಷ್ಟಕ್ಕೆ ನಿಲ್ಲಿಸಿ.

ತಪ್ಪು ಹೆಸರೊಂದು ಈಗಾಗಲೇ ಎಲ್ಲ ಕಡೆ ಹರಡಿದೆ. ಏನು ಮಾಡಬೇಕು?

ಸರಿಯಾದ ಹೆಸರನ್ನು ತಕ್ಷಣ ಕೂಗಿ ಹೇಳುವ ಅಗತ್ಯವಿಲ್ಲ. "ಈ ಕಥನ ಇವರದ್ದಲ್ಲ, ಏಕೆಂದರೆ 1940ರ ಗಣತಿ ಪ್ರಕಾರ ಇವರು 1935ರಲ್ಲಿ ಬೇರೆ ರಾಜ್ಯದಲ್ಲಿದ್ದರು" ಎಂದು ಕಾರಣ ಸಮೇತ ಬರೆದರೆ ಸಾಕು. ಕುಡಿತದ ಕಥನ ತಪ್ಪಾಗಿ ಅಂಟಿದ ವ್ಯಕ್ತಿಗೂ ಒಂದು ಸಂಸಾರ ಇರುತ್ತದೆ, ಮೊದಲು ಅವರ ಮೇಲಿನ ಹೊರೆ ಇಳಿಯಲಿ. ತಿದ್ದುಪಡಿಯಲ್ಲಿ ದಿನಾಂಕ, ನೋಡಿದ ದಾಖಲೆಯ ಹೆಸರು, ಹಾಳೆ ಸಂಖ್ಯೆ ಹಾಕಿ. ತಪ್ಪು ಹೆಸರು ಇರುವ ಹಳೆಯ ಹಾಳೆಯನ್ನು ನಿಮ್ಮ ಕಡತದಿಂದ ಹರಿದು ಎಸೆಯಬೇಡಿ. ಅದರ ಮೇಲೆ ಅಡ್ಡಗೆರೆ ಎಳೆದು, ಏಕೆ ತಪ್ಪೆಂದು ಬರೆದು ಇಟ್ಟುಕೊಳ್ಳಿ; ಇಲ್ಲದಿದ್ದರೆ ಮುಂದೆ ಬರುವವರು ಅದೇ ಹೆಸರನ್ನು ಹೊಸದಾಗಿ ಸಿಕ್ಕಿತೆಂದು ಮತ್ತೆ ತರುತ್ತಾರೆ.